ಪಂಕಾ ಎಳೆಯುವ ಯಂತ್ರಕ್ಕೆ ಹಕ್ಕು ಪಡೆಯುವುದು ಹೇಗೆ?

ನೀವು 1859ರ ಕಲ್ಕತ್ತದಲ್ಲಿದ್ದೀರಿ, ಹೊಸದೊಂದು ಯಂತ್ರ ಕಟ್ಟಿದ್ದೀರಿ ಎಂದುಕೊಳ್ಳಿ. ಪೇಟೆಂಟ್ ಕಚೇರಿಯ ವಿಳಾಸ ಹುಡುಕಬೇಡಿ, ಅಂಥದ್ದಿನ್ನೂ ಹುಟ್ಟಿಲ್ಲ. ಆ ವರ್ಷದ 15ನೇ ಕಾಯ್ದೆ ಕೊಡುವುದು 'ವಿಶೇಷಾಧಿಕಾರ'. ಅದಕ್ಕಾಗಿ ಕೈಯೊಡ್ಡಬೇಕಾದದ್ದು ಗವರ್ನರ್ ಜನರಲ್ ಮತ್ತು ಅವರ ಕೌನ್ಸಿಲ್ ಮುಂದೆ.

ಮೊದಲು ಅರ್ಜಿ ಬರೆಯಿರಿ. ಹೆಸರು, ಕಸುಬು, ವಾಸಸ್ಥಳ, ಆವಿಷ್ಕಾರ ಎಂಥದ್ದು ಎಂಬುದಿಷ್ಟೂ ಇರಲಿ. ಆದರೆ ಹಕ್ಕನ್ನೇ ನೇರವಾಗಿ ಬೇಡುವಂತಿಲ್ಲ. ಯಂತ್ರದ ವಿವರಣೆ ಸಲ್ಲಿಸಲು ಅಪ್ಪಣೆ ಕೊಡಿ ಎಂದಷ್ಟೇ ಕೇಳಬೇಕು!

ಮಾದರಿ ಬೇಕಿದ್ದರೆ ಗ್ರಾಂಟ್ಸ್ ಲೇನ್‌ನ 7ನೇ ನಂಬರಿನ ಸಿವಿಲ್ ಎಂಜಿನಿಯರ್ ಜಾರ್ಜ್ ಆಲ್ಫ್ರೆಡ್ ಡಿ ಪೆನ್ನಿಂಗ್ ಅವರನ್ನು ನೋಡಿ. ಆವಿಷ್ಕಾರಗಳನ್ನು ಕಾಯುವ ದೇಶದ ಮೊದಲ ಕಾಯ್ದೆ ಬಂದದ್ದು 1856ರ ಫೆಬ್ರುವರಿ 28ರಂದು; ಮಾರ್ಚ್ 3ಕ್ಕೆ ಅವರ ಅರ್ಜಿ ಸಿದ್ಧ. ವಸ್ತು, ಪಂಕಾ ಎಳೆಯುವ ಯಂತ್ರ. ಪಂಕಾ ಎಂದರೆ ಚಾವಣಿಗೆ ತೂಗುಹಾಕಿ ಹಗ್ಗದಿಂದ ಜಗ್ಗುವ ದೊಡ್ಡ ಬೀಸಣಿಗೆ. ಸಾಹೇಬರು ಒಳಗೆ ಮಲಗಿದರೆ ವರಾಂಡದಲ್ಲಿ ಕುಳಿತವನು ರಾತ್ರಿಯಿಡೀ ಹಗ್ಗ ಜಗ್ಗಬೇಕಿದ್ದ ಕಾಲವದು. ಸೆಪ್ಟೆಂಬರ್ 2ರಂದು ವಿವರಣೆಯನ್ನೂ ನಕ್ಷೆಗಳನ್ನೂ ಒಪ್ಪಿಸಿ ಅವರು ಹಕ್ಕು ಪಡೆದರು. ತಮಾಷೆಯೆಂದರೆ, ಆ ಕಾಯ್ದೆಗೇ ರಾಣಿಯ ಒಪ್ಪಿಗೆ ಪಡೆದಿರಲಿಲ್ಲ. ಮರುವರ್ಷ ಅದು ರದ್ದಾಯಿತು; ಅದರ ಜಾಗಕ್ಕೆ ಬಂದದ್ದೇ ನಿಮ್ಮ 1859ರ ಕಾಯ್ದೆ.

ಇನ್ನು ನಿಮ್ಮ ಯಂತ್ರ ಹೊಸದೇ? ಇಂಡಿಯಾದಲ್ಲಿ ಮಾತ್ರವಲ್ಲ, ಬ್ರಿಟನ್ನಿನಲ್ಲೂ ಅದು ಬಹಿರಂಗವಾಗಿ ಬಳಕೆಯಾಗಿರಬಾರದು, ಪ್ರಕಟವಾಗಿರಬಾರದು. ಹಡಗಿನಿಂದ ಇಳಿಸಿಕೊಂಡ ಯಂತ್ರವನ್ನು ತನ್ನದೆನ್ನುವ ಆಮದುದಾರನಿಗೆ ಇಲ್ಲಿ ಜಾಗವಿಲ್ಲ. ಅನುಮಾನ ಬಂದರೆ ಸರ್ಕಾರ ತಜ್ಞರಿಂದ ವಿಚಾರಣೆ ಮಾಡಿಸುತ್ತದೆ, ಅವರ ಶುಲ್ಕ ನಿಮ್ಮ ಕಿಸೆಯಿಂದ.

ಅಪ್ಪಣೆ ಸಿಕ್ಕಿತೇ? ಆರು ತಿಂಗಳೊಳಗೆ ವಿವರಣೆ ಸಲ್ಲಿಸಿ. ಏನನ್ನೂ ಮುಚ್ಚಿಡಬೇಡಿ, ಅದು ಸಾರ್ವಜನಿಕರು ನೋಡಬಹುದಾದ ದಾಖಲೆ. ಸಲ್ಲಿಸಿದ ದಿನದಿಂದ 14 ವರ್ಷ ತಯಾರಿಕೆ, ಮಾರಾಟ, ಬಳಕೆ ಎಲ್ಲ ನಿಮ್ಮದೇ.

ಆದರೂ ಹಗ್ಗದ ಇನ್ನೊಂದು ತುದಿ ಸರ್ಕಾರದ ಕೈಯಲ್ಲೇ ಇದೆ. ನಿಮ್ಮ ಹಕ್ಕು ರಾಜ್ಯಕ್ಕೆ ಕೇಡು ಅಥವಾ ಜನರಿಗೆ ತೊಂದರೆ ಎಂದು ಗವರ್ನರ್ ಜನರಲ್ ಘೋಷಿಸಿದರೆ ಅದು ಅಲ್ಲಿಗೆ ಮುಗಿಯಿತು. ಈ ಕೆಲಸಕ್ಕೆಂದೇ ಕಂಟ್ರೋಲರ್ ಎಂಬ ಅಧಿಕಾರಿ ಬಂದದ್ದು 1911ರ ಕಾಯ್ದೆಯಿಂದ. ಆತನ ಮೊಹರಿಗೂ ಬ್ರಿಟಿಷ್ ಇಂಡಿಯಾದ ಗಡಿಯವರೆಗಷ್ಟೇ ಬೆಲೆ. ಮೈಸೂರು ಸಂಸ್ಥಾನದೊಳಗೆ ಅದು ನಡೆಯುತ್ತಿರಲಿಲ್ಲ.