ಬೀಗ ತೆರೆಯೋದು ಕಲಿಯುವವರಿಗೆ ಒಂದು ಪುಟ್ಟ ಬಾಗಿಲು

ಬೀಗ ರಿಪೇರಿ ಕಲಿಯುವ ಹಲವರು, ಕೀಲಿಕೈ ಇಲ್ಲದೆ ಬೀಗ ತೆರೆಯೋದನ್ನು ಬೀಗ ಕೈಯಲ್ಲಿ ಹಿಡಿದೇ ಅಭ್ಯಾಸ ಮಾಡುತ್ತಾರೆ. ನಾನೂ ಹಾಗೇ ಕಲಿತೆ. ಆದರೆ ಬಾಗಿಲ ಮುಂದೆ ನಿಂತಾಗ ಕೈ ಓಡಲೇ ಇಲ್ಲ. ಅಲ್ಲಿ ಬೀಗವನ್ನು ತಿರುಗಿಸಿ ನೋಡೋಕಾಗಲ್ಲ, ನಾವೇ ಬಗ್ಗಬೇಕು ಅಲ್ವಾ?

ಅದಕ್ಕೇ ಒಂದು ಚಿಕ್ಕ ಬಾಗಿಲು ಮಾಡಿಕೊಳ್ಳಿ. ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆ ಹಳೇ ಮನೆ ಕೆಡವಿದಲ್ಲಿ ಹಲಸಿನ ಹಲಗೆ ಸಿಕ್ಕರೆ ಬಿಡಬೇಡಿ. ಒಂದಡಿ ಅಗಲ, ಎರಡಡಿ ಎತ್ತರ ಸಾಕು. ದಪ್ಪ ಮಾತ್ರ 35 ಮಿಲಿಮೀಟರ್ ಆಸುಪಾಸು ಇರಲಿ. ಹಲಗೆ ಇಲ್ಲದಿದ್ದರೆ 18 ಮಿಲಿಮೀಟರಿನ ಎರಡು ಪ್ಲೈವುಡ್ ತುಂಡು ಅಂಟಿಸಿ. ದಾರಂದದ ಹಾಗೆ ಗಟ್ಟಿ ಚೌಕಟ್ಟು ಕೊಟ್ಟು, ಬೀಗ ನೆಲದಿಂದ ಮೂರಡಿ ಎತ್ತರಕ್ಕೆ ಬರುವಂತೆ ಗೋಡೆಗೆ ಬಿಗಿಯಿರಿ. ಅಲ್ಲಾಡಬಾರದು.

ಸಿಲಿಂಡರ್, ಅಂದರೆ ಕೀಲಿಕೈ ಹಾಕುವ ಭಾಗ, ಬದಲಿಸಬಹುದಾದ ಬೀಗವನ್ನೇ ಕೂರಿಸಿ. ಬಾಗಿಲ ಅಂಚಿನ ಒಂದು ಉದ್ದ ಸ್ಕ್ರೂ ತೆಗೆದು, ಕೀಲಿಕೈ ಸ್ವಲ್ಪ ತಿರುಗಿಸಿ ಎಳೆದರೆ ಸಿಲಿಂಡರ್ ಹೊರಗೆ ಬರುತ್ತದೆ. ಅದರೊಳಗೆ ಕೀಲಿಕೈ ಎತ್ತುವ ಸಣ್ಣ ಕಡ್ಡಿಗಳೇ ಪಿನ್. ಮೊದಲು ಎರಡೇ ಪಿನ್ ಇಟ್ಟು ಅಭ್ಯಾಸ ಮಾಡಿ, ಆಮೇಲೆ ಒಂದೊಂದೇ ಸೇರಿಸಿ. ಬಿಚ್ಚುವಾಗ ಕೆಳಗೆ ಬಿಳಿ ಬಟ್ಟೆ ಹಾಸಿ. ಪಿನ್ ಒತ್ತುವ ಸಣ್ಣ ಸ್ಪ್ರಿಂಗು ಹಾರಿದರೆ ಮತ್ತೆ ಸಿಗೋದು ಕಷ್ಟ.

ಬೀಗಕ್ಕೆ ತೆಂಗಿನೆಣ್ಣೆ ಹಾಕಬೇಡಿ, ಧೂಳು ಮೆತ್ತಿಕೊಂಡು ಪಿನ್ ಅಂಟುತ್ತದೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಸಾಕು.

ಮನೆಯ ಬಳಕೆಯ ಬೀಗದಲ್ಲಿ ಮಾತ್ರ ಅಭ್ಯಾಸ ಬೇಡ. ಪಿನ್ ಸಿಕ್ಕಿಕೊಂಡರೆ ಮಳೆಯಲ್ಲಿ ಮನೆಮಂದಿಯೆಲ್ಲ ಹೊರಗೆ. ಬೇರೆಯವರ ಬೀಗವನ್ನಂತೂ ಅವರು ಕೇಳದೆ ಮುಟ್ಟಲೇಬೇಡಿ.