ಮೆಟ್ಟುಕತ್ತಿಯ ಅಲಗು ಯಾವ ಕಡೆ?

ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ, ಪ್ಲಸ್ ಟೂನಲ್ಲಿ ಕಾಮರ್ಸ್. ಬಿ.ಡಿಸೈನ್ ಎಂಬ ಡಿಸೈನ್ ಡಿಗ್ರಿ ಸೈನ್ಸ್ ಓದಿದವರಿಗೆ ಮಾತ್ರ ಎಂದು ಊರಲ್ಲಿ ತುಂಬ ಜನ ಹೇಳಿದರು. ಹಾಗೇನಿಲ್ಲ. ಅದಕ್ಕೆ ಸೇರಲು ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆಯನ್ನು ಸೈನ್ಸ್, ಕಾಮರ್ಸ್, ಆರ್ಟ್ಸ್ ಯಾರು ಬೇಕಾದರೂ ಬರೆಯಬಹುದು. ಹುಡುಗಿಯರಿಗೆ ಫೀಸು ಅರ್ಧ. ಆದರೆ ಬರೆಯಲು ಸಿಗುವುದು ಎರಡೇ ಸಲ, ಅದೂ ಸಾಲಾಗಿ ಎರಡು ವರ್ಷ. ಇದು ನನಗೆ ಗೊತ್ತಾದದ್ದು ಒಂದು ಸಲ ಬರೆದು ಬಂದ ಮೇಲೆ!

ಪರೀಕ್ಷೆ 3 ಗಂಟೆ, 300 ಅಂಕ. ಎ ಭಾಗದ 200 ಅಂಕ ಕಂಪ್ಯೂಟರಿನಲ್ಲಿ. ಬಿ ಭಾಗದ 100 ಅಂಕಕ್ಕೆ ಕಾಗದದ ಮೇಲೆ ಚಿತ್ರ ಬಿಡಿಸಬೇಕು. ಎ ಭಾಗದ ಕಟಾಫ್ ದಾಟದಿದ್ದರೆ ಬಿ ಭಾಗ ನೋಡುವುದೇ ಇಲ್ಲ. ಮೊದಲ ಸಲ ನನ್ನ ಚಿತ್ರ ಯಾರೂ ನೋಡಲಿಲ್ಲ. ಪ್ರಶ್ನೆ ಬರೀ ಇಂಗ್ಲಿಷಿನಲ್ಲಿ. ಎರಡೆರಡು ಸಲ ಓದುವಷ್ಟರಲ್ಲಿ ಟೈಮ್ ಹೋಯಿತು, ಕೊನೆಗೆ ಸುಮ್ನೆ ಕಂಡದ್ದನ್ನು ಒತ್ತಿದೆ. ತಪ್ಪಿಗೆ ಅಂಕ ಕಳೆಯುವ ಪ್ರಶ್ನೆಗಳೂ ಅದರಲ್ಲಿದ್ದವು.

ಒಂದು ವರ್ಷ ಮನೆಯಲ್ಲೇ ಕೂತೆ. ಕೋಚಿಂಗಿಗೆ ದುಡ್ಡಿರಲಿಲ್ಲ. ಹಳೇ ಪ್ರಶ್ನೆಪತ್ರಿಕೆಗಳು ಯುಸೀಡ್ ವೆಬ್‌ಸೈಟಿನಲ್ಲೇ ಪುಕ್ಕಟೆ ಸಿಗುತ್ತವೆ. ಅದರಲ್ಲಿ ಮತ್ತೆ ಮತ್ತೆ ಬರುವ ಇಂಗ್ಲಿಷ್ ಪದಗಳನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿ, ಪಕ್ಕದಲ್ಲಿ ಕನ್ನಡ ಬರೆದೆ. ಎ ಭಾಗಕ್ಕೆ ನಾನು ಮಾಡಿದ್ದು ಹೆಚ್ಚುಕಮ್ಮಿ ಇಷ್ಟೇ.

ಚಿತ್ರ ಚೆನ್ನಾಗಿ ಬರುತ್ತದೆ ಎಂಬ ಜಂಬ ಇತ್ತು. ಒಂದು ದಿನ ಅಮ್ಮ ಮೆಟ್ಟುಕತ್ತಿಯಲ್ಲಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಈಳಿಗೆಮಣೆಯಲ್ಲಿ, ಹಲಸಿನಕಾಯಿ ಕೊಚ್ಚುವುದನ್ನು ನೆನಪಿನಿಂದ ಬಿಡಿಸಿ ತೋರಿಸಿದೆ. ಅಮ್ಮ ನೋಡಿ ನಕ್ಕರು. "ಮೆಟ್ಟುಕತ್ತಿಯ ಅಲಗು ಆಚೆ ಬದಿಗೆ ಮಾಡಿದ್ದೀಯಲ್ಲ ಮಗಳೇ, ನಾನು ಎಲ್ಲಿ ಕೂತು ಕೊಚ್ಚುವುದು?"

ಹದಿನೆಂಟು ವರ್ಷ ಅದರಲ್ಲಿ ಕೊಚ್ಚಿದ್ದನ್ನೇ ತಿಂದವಳು ನಾನು! ಅಂದಿನಿಂದ ಮೊದಲು ಹದಿನೈದು ನಿಮಿಷ ಬರೀ ನೋಡುವುದು, ಆಮೇಲೆ ಪೆನ್ಸಿಲ್. ಮಣೆಯನ್ನು ಕಾಲು ಎಲ್ಲಿ ಮೆಟ್ಟುತ್ತದೆ, ಮೊಣಕಾಲು ಎಷ್ಟು ಎತ್ತರಕ್ಕೆ ಬರುತ್ತದೆ, ಮೇಣ ಅಂಟದಿರಲು ಎಣ್ಣೆ ಸವರಿದ ಬೆರಳುಗಳು ಕಾಯಿಯನ್ನು ಹೇಗೆ ಹಿಡಿಯುತ್ತವೆ. ಇದನ್ನೇ ಅಟ್ಟದ ಮೇಲಿನ ಬೆಕ್ಕಿನ ಕಣ್ಣಿನಿಂದ ಬಿಡಿಸಿದೆ, ನೆಲದಲ್ಲಿ ಕೂತ ಮಗುವಿನ ಕಣ್ಣಿನಿಂದಲೂ ಬಿಡಿಸಿದೆ. ನಲವತ್ತು ಸಲವಾದರೂ ಆಗಿರಬೇಕು. ಅಮ್ಮನಿಗೆ ಸಾಕಾಗಿ ಹೋಯಿತು.

ಎರಡನೇ ಸಲ ದಾಟಿದೆ. ಐಐಟಿ ಸಿಗಲಿಲ್ಲ. ಯುಸೀಡ್ ಅಂಕ ನೋಡಿ ಸೀಟು ಕೊಡುವ ಬೇರೆ ಕಾಲೇಜುಗಳೂ ಇವೆ, ಅಂಥದ್ದೊಂದರಲ್ಲಿ ಸೇರಿದೆ.

ಕ್ಲಾಸಿನಲ್ಲಿ ಇಂಜಿನಿಯರಿಂಗಿನ ಜೆಇಇ ಪರೀಕ್ಷೆ ಬಿಟ್ಟು ಬಂದವರು ಜಾಸ್ತಿ. ಒಬ್ಬಳ ಅಪ್ಪ ಆರ್ಕಿಟೆಕ್ಟ್. ಇನ್ನೊಬ್ಬನದು ಬಟ್ಟೆಗೆ ಅಚ್ಚು ಒತ್ತುವ ಮನೆತನ, ಬಣ್ಣ ಗುರುತಿಸುವ ಅವನ ಕಣ್ಣು ನಮಗ್ಯಾರಿಗೂ ಇಲ್ಲ. ನನ್ನ ಇಂಗ್ಲಿಷ್ ಕೇಳಿ ಮೊದಮೊದಲು ಕೆಲವರು ನಗುತ್ತಿದ್ದರು, ಬೇಜಾರಾಗುತ್ತಿತ್ತು ಅಲ್ವಾ. ಆಮೇಲೆ ಅಕ್ಷರ ಬಿಡಿಸುವ ಪಾಠ ಬಂತು. ಕಾಸರಗೋಡಿನ ಅಂಗಡಿ ಬೋರ್ಡುಗಳಲ್ಲಿ ಕನ್ನಡ, ಮಲಯಾಳ ಎರಡನ್ನೂ ಓದಿ ಬೆಳೆದವಳು ನಾನು. ಎರಡೂ ದುಂಡಗೆ, ಆದರೆ ಕನ್ನಡಕ್ಕೆ ತಲೆಕಟ್ಟು ಇದೆ, ಮಲಯಾಳಕ್ಕೆ ಇಲ್ಲ ಎಂದು ಬೋರ್ಡಿನ ಮೇಲೆ ಬರೆದು ತೋರಿಸಿದೆ. "ತಲೆಕಟ್ಟು ಅಂದರೇನು?" ಎಂದು ಆರ್ಕಿಟೆಕ್ಟರ ಮಗಳು ಕೇಳಿದಳು. ಆ ಪದಕ್ಕೆ ನನ್ನ ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಇರಲಿಲ್ಲ.