ಕಿಕ್ ಡ್ರಮ್‌ಗೆ ಮೂರು ಮೈಕ್, ಮೇಲೊಂದು ಸ್ಯಾಂಪಲ್: ನನ್ನ ಅನುಭವ

ಕಿಕ್‌ಗೆ (ಕಾಲಿನ ಪೆಡಲ್‌ನಿಂದ ಬಾರಿಸುವ ದೊಡ್ಡ ಡ್ರಮ್‌ಗೆ) ಮೂರು ಮೈಕ್ ಇಟ್ಟು ರೆಕಾರ್ಡ್ ಮಾಡಿದ್ದೆ. ಒಳಗೆ ದಿಂಬಿನ ಮೇಲೆ ಶೂರ್ ಬೀಟಾ 91ಎ, ಮುಂದಿನ ಹೆಡ್‌ನ (ಹೊದಿಕೆಯ) ತೂತಿನ ಹತ್ತಿರ ಎಕೆಜಿ ಡಿ112, ಹೊರಗೆ ಒಂದು ದೊಡ್ಡ ಡಯಾಫ್ರಮ್ ಕಂಡೆನ್ಸರ್ ಮೈಕ್. ಮೂರೂ ಸೇರಿ ಚೆನ್ನಾಗೇ ಕೇಳುತ್ತಿದ್ದವು. ಇನ್ನಷ್ಟು ತೂಕ ಬರಲಿ ಅಂತ ಒಂದು ರೆಡಿಮೇಡ್ ಸ್ಯಾಂಪಲ್, ಅಂದರೆ ಮೊದಲೇ ರೆಕಾರ್ಡ್ ಮಾಡಿಟ್ಟ ಕಿಕ್ ಪೆಟ್ಟು, ಸೇರಿಸಿದೆ. ಕಿಕ್ ತೆಳ್ಳಗಾಗಿಬಿಟ್ಟಿತು. 60 ಹರ್ಟ್ಜ್ ಹತ್ತಿರ ಈಕ್ಯೂ (ಒಂದೊಂದು ಫ್ರೀಕ್ವೆನ್ಸಿಯನ್ನು ಏರಿಸಿ ಇಳಿಸುವ ಕಂಟ್ರೋಲ್) ಎಷ್ಟು ಎತ್ತಿದರೂ ಹೋದ ಸದ್ದು ವಾಪಸ್ ಬರಲಿಲ್ಲ.

ಮೊದಲು ಪೊಲಾರಿಟಿ, ಅಂದರೆ ಅಲೆ ಮೊದಲು ಮೇಲಕ್ಕೆ ಹೋಗುತ್ತದೋ ಕೆಳಕ್ಕೋ ಅನ್ನೋದನ್ನು ನೋಡಿದೆ. ಸ್ಕ್ರೀನಿನಲ್ಲಿ ಅಲೆಗಳನ್ನು ದೊಡ್ಡದು ಮಾಡಿಕೊಂಡು ನೋಡಿದರೆ, ಮೈಕ್‌ಗಳ ಅಲೆ ಮೇಲಕ್ಕೆ ಏಳುವ ಜಾಗದಲ್ಲಿ ಸ್ಯಾಂಪಲ್‌ನ ಅಲೆ ಕೆಳಗೆ ಹೋಗುತ್ತಿತ್ತು. ಒಂದು ತಳ್ಳಿದರೆ ಇನ್ನೊಂದು ಎಳೆಯುತ್ತಿತ್ತು. ಪೊಲಾರಿಟಿ ತಿರುಗಿಸಿದ ತಕ್ಷಣ ಅರ್ಧ ಸಮಸ್ಯೆ ಹೋಯಿತು.

ಉಳಿದ ಅರ್ಧ ಹಿಡಿಯೋಕೆ ಜಾಸ್ತಿ ಹೊತ್ತು ಬೇಕಾಯಿತು. ಪೆಟ್ಟು ಬಿದ್ದಾಗ ಸದ್ದು ತುಂಬಿಕೊಂಡೇ ಇರುತ್ತಿತ್ತು, ಆಮೇಲೆ ಅದರ ಬಾಲ ಒಳಗೊಳಗೇ ಕುಸಿಯುತ್ತಿತ್ತು. ಕಾರಣ ಶ್ರುತಿ. ನಮ್ಮ ಡ್ರಮ್ 58 ಹರ್ಟ್ಜ್‌ನಲ್ಲಿ ನುಡಿಯುತ್ತಿತ್ತು, ಸ್ಯಾಂಪಲ್ 52ರಲ್ಲಿ. ತಂಬೂರಿಯ ಎರಡು ತಂತಿ ಶ್ರುತಿ ಸೇರದಿದ್ದಾಗ ಸದ್ದು ಅಲೆ ಅಲೆಯಾಗಿ ಕೇಳುತ್ತಲ್ವಾ, ಇದೂ ಅದೇ. 6 ಹರ್ಟ್ಜ್ ವ್ಯತ್ಯಾಸ ಇದ್ದರೆ, ಒಟ್ಟಿಗೇ ಶುರುವಾದ ಎರಡು ಅಲೆಗಳು ಸುಮಾರು 83 ಮಿಲಿಸೆಕೆಂಡಿಗೆ ಎದುರುಬದುರಾಗುತ್ತವೆ. ಕಿಕ್‌ನ ಬಾಲ ಇರೋದೇ ಆ ಜಾಗದಲ್ಲಿ. ಸ್ಯಾಂಪಲ್ಲನ್ನು ಎರಡು ಸೆಮಿಟೋನಿಗೆ (ಅರ್ಧಸ್ವರಕ್ಕೆ) ಸ್ವಲ್ಪ ಕಮ್ಮಿ ಮೇಲಕ್ಕೆತ್ತಿದೆ. ಬಾಲ ಕುಸಿಯದೆ ನಿಂತಿತು. ಅವತ್ತಿನಿಂದ ಸ್ಯಾಂಪಲ್ ಆರಿಸುವಾಗ ನಾನು ಮೊದಲು ಕೇಳಿಸಿಕೊಳ್ಳೋದು ಶ್ರುತಿಯನ್ನೇ.

ಅಷ್ಟಾದರೂ ಒಂದೊಂದು ಪೆಟ್ಟು ಒಂದೊಂದು ಥರ ಇತ್ತು. ಪೆಟ್ಟು ಗುರುತಿಸಿ ಸ್ಯಾಂಪಲ್ ನುಡಿಸುವ ಟ್ರಿಗರ್ ಕೆಲಸ ಮಾಡೋದೇ ಹಾಗೆ: ಸದ್ದು ಒಂದು ಮಟ್ಟ ದಾಟಿದ ಮೇಲೆ ಸ್ಯಾಂಪಲ್ ಬಿಡುತ್ತದೆ. ಜೋರು ಪೆಟ್ಟು ಬೇಗ ದಾಟುತ್ತದೆ, ಮೆಲ್ಲಗಿನ ಪೆಟ್ಟು ತಡವಾಗಿ. ಒಂದು ಕಡೆ 1 ಮಿಲಿಸೆಕೆಂಡ್ ತಡ, ಇನ್ನೊಂದು ಕಡೆ 4. ಬೀಟರ್‌ನ (ಡ್ರಮ್‌ಗೆ ಬಡಿಯುವ ಪೆಡಲ್‌ನ ಸುತ್ತಿಗೆಯ) 'ಟಕ್' ಅನ್ನೋ ಸದ್ದು ಪ್ರತಿ ಸಲ ಬಣ್ಣ ಬದಲಿಸೋಕೆ ಇಷ್ಟು ಸಾಕು. ಟ್ರಿಗರ್‌ನ ಔಟ್‌ಪುಟ್ಟನ್ನು ಬೇರೆ ಟ್ರ್ಯಾಕಿಗೆ ಇಳಿಸಿ, ಒಳಗಿನ ಮೈಕಿನ ಅಲೆ ಏಳುವ ಜಾಗಕ್ಕೆ ಒಂದೊಂದೇ ಪೆಟ್ಟನ್ನು ಕೈಯಿಂದ ಸರಿಸಿದೆ. ಬೇಜಾರಿನ ಕೆಲಸ, ಆದರೆ ಇದಕ್ಕೆ ಅಡ್ಡದಾರಿ ನನಗೆ ಸಿಕ್ಕಿಲ್ಲ.

ಹಾಗಾದರೆ ಮೈಕ್‌ಗಳನ್ನೂ ಸರಿಸಿ ಜೋಡಿಸಬೇಕಾ? ನಾನೂ ಮಾಡಿ ನೋಡಿದೆ. ಒಳಗಿನ ಮೈಕಿಗೂ ಹೊರಗಿನದಕ್ಕೂ 60 ಸೆಂಟಿಮೀಟರ್ ಅಂತರ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ ಹೊರಗಿನ ಮೈಕಿಗೆ 1.75 ಮಿಲಿಸೆಕೆಂಡ್ ತಡವಾಗಿ ಮುಟ್ಟುತ್ತದೆ. 60 ಹರ್ಟ್ಜ್‌ನ ಒಂದು ಸುತ್ತಿಗೆ 16.7 ಮಿಲಿಸೆಕೆಂಡ್ ಬೇಕು, ಅದಕ್ಕೆ ಈ ತಡ ದೊಡ್ಡದಲ್ಲ. ಆದರೆ 285 ಹರ್ಟ್ಜ್ ಹತ್ತಿರ ಇದು ಸರಿಯಾಗಿ ಅರ್ಧ ಸುತ್ತು, ಅಲ್ಲಿ ಸದ್ದು ಕಮ್ಮಿಯಾಗಿ ಒಂದು ಗುಂಡಿ ಬೀಳುತ್ತದೆ. ಜೋಡಿಸಿದಾಗ ಆ ಗುಂಡಿ ಮುಚ್ಚಿತು, ಜೊತೆಗೆ ಡಬ್ಬಾ ಬಡಿದಂಥ ಸದ್ದೂ ಬಂತು! ಆ ಗುಂಡಿಯೇ ಕಿಕ್ಕನ್ನು ಚೊಕ್ಕವಾಗಿ ಇಟ್ಟಿತ್ತು. ಮೈಕ್‌ಗಳನ್ನು ವಾಪಸ್ ಇದ್ದಲ್ಲೇ ಬಿಟ್ಟೆ. ಕಣ್ಣಿಗೆ ಸಾಲಾಗಿ ಕಂಡಿದ್ದೆಲ್ಲ ಕಿವಿಗೆ ಹಿತವಾಗಿ ಇರೋದಿಲ್ಲ.

ಈಗ ನಾನು ಸಾಧ್ಯವಾದಷ್ಟು ಹೊರಗಿನ ಸ್ಯಾಂಪಲ್ ತರೋದಿಲ್ಲ, ಅದೇ ಡ್ರಮ್‌ನಿಂದ ಮಾಡಿಕೊಳ್ಳುತ್ತೇನೆ. ಸೆಷನ್ ಮುಗಿದು ಮೈಕ್ ಎತ್ತುವ ಮೊದಲು ಡ್ರಮ್ಮರ್‌ಗೆ, "ಅಣ್ಣಾ, ಇನ್ನೊಂದೈದು ನಿಮಿಷ ಹಾಗೇ ಕೂತಿರಿ" ಅನ್ನುತ್ತೇನೆ. ಸ್ನೇರ್ ಡ್ರಮ್‌ನ ಅಡಿಯ ತಂತಿ ಸಡಿಲಿಸುತ್ತೇವೆ, ಇಲ್ಲದಿದ್ದರೆ ಪ್ರತಿ ಪೆಟ್ಟಿಗೂ ಜುಯ್ ಅನ್ನುತ್ತದೆ. ಸಿಂಬಲ್‌ಗಳನ್ನೂ ತೆಗೆದಿಡುತ್ತೇವೆ. ಆಮೇಲೆ ಮೆಲ್ಲಗಿನಿಂದ ಜೋರಿನವರೆಗೆ ಐದು ಹಂತ, ಹಂತಕ್ಕೆ ಆರೇಳು ಪೆಟ್ಟು. ಸದ್ದು ಪೂರ್ತಿ ಅಡಗುವ ತನಕ ಯಾರೂ ಅಲ್ಲಾಡಬಾರದು.

ಕತ್ತರಿಸುವಾಗ ಒಂದು ಎಚ್ಚರ. ಮೂರೂ ಮೈಕ್‌ಗಳನ್ನು ಒಂದೇ ಗೆರೆಯಲ್ಲಿ ಕತ್ತರಿಸಿ. ಹೊರಗಿನ ಮೈಕಿನ ಆರಂಭದಲ್ಲಿ ಖಾಲಿ ಇದೆ ಅಂತ ಅದನ್ನು ಮಾತ್ರ ಇನ್ನಷ್ಟು ಕತ್ತರಿಸಿದರೆ ಆ 1.75 ಮಿಲಿಸೆಕೆಂಡ್ ಹೋಗುತ್ತದೆ, ಡಬ್ಬಾ ಸದ್ದು ವಾಪಸ್ ಬರುತ್ತದೆ. ಸರಿಯಾಗಿ ಕತ್ತರಿಸಿದ ಸ್ಯಾಂಪಲ್‌ಗೆ ಅದೇ ಶ್ರುತಿ, ಅದೇ ರೂಮು, ಅದೇ ಅಂತರ. ಸ್ನೇರ್ ಮತ್ತು ಸಿಂಬಲ್‌ನ ಬ್ಲೀಡ್ (ಪಕ್ಕದಿಂದ ಮೈಕಿಗೆ ನುಗ್ಗುವ ಸದ್ದು) ಮಾತ್ರ ಇರೋದಿಲ್ಲ.

ಮಿಕ್ಸ್‌ನಲ್ಲಿ ಮೊನೊ ಮಾಡಿ (ಎಡ-ಬಲ ಎರಡನ್ನೂ ಒಂದಾಗಿಸಿ), ವಾಲ್ಯೂಮ್ ಇಳಿಸಿ ಕೇಳುತ್ತೇನೆ. ಸ್ಯಾಂಪಲ್ ಸಾಮಾನ್ಯವಾಗಿ ಮೈಕ್‌ಗಳಿಗಿಂತ 8–10 ಡೆಸಿಬೆಲ್ ಕೆಳಗೆ ಇರುತ್ತದೆ. ಬರೀ ಬುಡ (ಬಾಸ್) ಬೇಕಿದ್ದರೆ 100 ಹರ್ಟ್ಜ್‌ನಿಂದ ಮೇಲಿನದನ್ನು ಕತ್ತರಿಸುತ್ತೇನೆ. ಹೀಗೆ ಕತ್ತರಿಸುವ ಫಿಲ್ಟರ್ ಕೂಡ ಫೇಸ್ (ಅಲೆ ತನ್ನ ಸುತ್ತಿನಲ್ಲಿ ಇರುವ ಜಾಗ) ತಿರುಗಿಸುತ್ತದೆ, ಅದಕ್ಕೇ ಹಾಕಿದ ಮೇಲೆ ಪೊಲಾರಿಟಿ ಬಟನ್ನನ್ನು ಇನ್ನೊಮ್ಮೆ ಒತ್ತಿ ನೋಡುತ್ತೇನೆ. ಯಾವ ಕಡೆ ಬುಡ ಜಾಸ್ತಿಯೋ ಆ ಕಡೆ ಬಿಡುತ್ತೇನೆ.

ಇತ್ತೀಚೆಗೆ ಮಾಡಿದ ಹಾಡೊಂದರ ನಡುವೆ ಡ್ರಮ್ಮರ್ ತುಂಬಾ ಮೆಲ್ಲಗೆ ನುಡಿಸಿದ 8 ಬಾರ್ (ತಾಳದ ಸುತ್ತು) ಇದ್ದವು. ಅಲ್ಲಿ ಸ್ಯಾಂಪಲ್ ಪೂರ್ತಿ ತೆಗೆದೆ. ಬೀಟರ್ ಹೆಡ್‌ಗೆ ಒತ್ತಿಕೊಳ್ಳುವ ಮೆತ್ತನೆ ಸದ್ದು, ಪೆಡಲ್ ಸ್ಪ್ರಿಂಗಿನ ಸಣ್ಣ ಕಿರ್ ಕಿರ್ ಎಲ್ಲಾ ಒಳಗಿನ ಮೈಕಿನಲ್ಲಿ ಇತ್ತು. ಅದನ್ನು ಹಾಗೇ ಬಿಟ್ಟೆ.